ಹೈಡ್ ಮಾಡಿದ ಭಾಗಗಳೂ ಒಂದು ಕೆಂಪು ಗುರುತೂ

"ಅಕ್ಕಾರ, ಈ ಮಷೀನಿನ ಭಾರ ಯಾವ ಕಡಿಗೈತ್ರೀ?"

ಲೋಡಿಂಗ್ ಮೇಸ್ತ್ರಿ ಮೆಟ್ಟಿಲ ಕೆಳಗಿನಿಂದಲೇ ಕೂಗಿ ಕೇಳಿದಾಗ ನಾನು ಊಟದ ಡಬ್ಬಿ ತೊಳೆಯುತ್ತಿದ್ದೆ. "ಕಂಪ್ಯೂಟರ್ ನೋಡಿ ಹೇಳ್ತೀನಿ, ಸ್ವಲ್ಪ ತಡೀರಿ" ಅಂದೆ. ಎರಡು ಬಟನ್ ಒತ್ತಿದರೆ ಸಿಗುವ ಉತ್ತರ ಅಂದುಕೊಂಡಿದ್ದೆ.

ಜಿಗಣಿಯ ಆ ಕಾರ್ಖಾನೆಗೆ ನಾನು ಹೊರಗಿನವಳು. ಸಂಬಳ ಕೊಡುವ ಕಂಪನಿ ಎಲೆಕ್ಟ್ರಾನಿಕ್ ಸಿಟಿಯಲ್ಲಿತ್ತು. ಅವರು ನನ್ನನ್ನು ಇಲ್ಲಿಗೆ ಡೆಪ್ಯುಟೇಶನ್ ಮೇಲೆ ಕಳಿಸಿದ್ದರು. ಕಾರ್ಖಾನೆಯವರ ಕೊರಳಲ್ಲಿ ಐಡಿ ಕಾರ್ಡಿನ ನೀಲಿ ಪಟ್ಟಿ, ನನ್ನ ಕೊರಳಲ್ಲಿ ಹಸಿರು. ನೀಲಿಯವರ ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುವಾಗ ಹಸಿರಿನವರನ್ನು ಯಾರೂ ಕರೆಯುತ್ತಿರಲಿಲ್ಲ. ಬೇಡ ಅಂತೇನಲ್ಲ, ನೆನಪಾಗುತ್ತಿರಲಿಲ್ಲ ಅಷ್ಟೇ. ಡಿಸೈನ್ ವಿಭಾಗದ ಉಳಿದವರೆಲ್ಲ ಹೊಸ ಕಟ್ಟಡಕ್ಕೆ ಹೋಗಿದ್ದರು. ಹಳೇ ಶೆಡ್ಡಿನ ಮಹಡಿ ಮೇಲೆ, ಖಾಲಿ ಮೇಜುಗಳ ನಡುವೆ, ನಾನು ಮತ್ತು ನನ್ನ ಕಂಪ್ಯೂಟರ್. ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ನನಗೆ ರೇಡಿಯೋ ಅಂತ ಅಡ್ಡಹೆಸರು. ಅಂಥವಳು ಬೆಳಿಗ್ಗೆಯಿಂದ ಸಂಜೆವರೆಗೆ ಬಾಯಿ ಮುಚ್ಚಿಕೊಂಡು ಕೂರಬೇಕಾಯಿತು. ರೂಮಿಗೆ ಹೋದರೆ ಅಲ್ಲೂ ನಾನೊಬ್ಬಳೇ. ಆ ದಿನಗಳಲ್ಲಿ ಬಹಳ ಒಂಟಿ ಅನ್ನಿಸುತ್ತಿತ್ತು, ಮುಚ್ಚಿಡುವುದೇನಿದೆ? ಕೆಲವು ದಿನ ಪರದೆಯ ಮೇಲಿನ ನಟ್ಟು ಬೋಲ್ಟುಗಳನ್ನೇ ಬೈದು ಬಾಯಿಚಪಲ ತೀರಿಸಿಕೊಳ್ಳುತ್ತಿದ್ದೆ.

ದಿನಕ್ಕೊಮ್ಮೆ ನನ್ನನ್ನು ಮಾತಾಡಿಸುತ್ತಿದ್ದವನು ಈ ಮೇಸ್ತ್ರಿ ಒಬ್ಬನೇ. ಬಾಗಲಕೋಟೆ ಕಡೆಯವನು, ಐವತ್ತರ ಆಸುಪಾಸು. "ಊಟ ಆತ್ರೀ ಅಕ್ಕಾರ?" ಅನ್ನುವನು. ಆ 'ಆತ್ರೀ' ಕೇಳಿದರೆ ಸಾಕು, ಆವತ್ತಿನ ಊಟ ಮೈಗೆ ಹತ್ತುತ್ತಿತ್ತು.

ಆಗ ನಮ್ಮ ಮುಂದಿದ್ದದ್ದು ಎಂಜಿನ್ ಭಾಗಗಳನ್ನು ಬಿಸಿನೀರು ಚಿಮ್ಮಿಸಿ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸುವ ಯಂತ್ರ. ಒಂದು ಕೋಣೆಯಷ್ಟು ದೊಡ್ಡದು. ಕೆಳಗೆ ನೀರಿನ ತೊಟ್ಟಿ, ಪಕ್ಕಕ್ಕೆ ಪಂಪು, ಹಿಂದೆ ಗಾಳಿಯೂದುವ ಬ್ಲೋವರ್. ಕಟ್ಟಿ ಮುಗಿದಿತ್ತು, ಲಾರಿಗೆ ಏರಿಸುವುದೊಂದು ಬಾಕಿ. ಇಂಥದ್ದನ್ನು ಎತ್ತುವಾಗ ಕ್ರೇನಿನ ಕೊಕ್ಕೆ ಯಂತ್ರದ ಉದ್ದದ ನಡುವಿಗೆ ಬಂದರೆ ಸಾಲದು, ತೂಕದ ನಡುವಿಗೆ ಬರಬೇಕು. ಆ ಜಾಗವನ್ನು ಡ್ರಾಯಿಂಗಿನಲ್ಲಿ ತೋರಿಸುವುದು ಡಿಸೈನರ್ ಕೆಲಸ. ಅದನ್ನು ನೋಡಿ ಯಂತ್ರದ ಮೈಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ, ಅದಕ್ಕೆ ಸರಿಯಾಗಿ ಕೊಕ್ಕೆ ತರುವುದು ಮೇಸ್ತ್ರಿಯ ಕೆಲಸ. ಎತ್ತುವಾಗ ಯಂತ್ರ ತಿರುಗದ ಹಾಗೆ ಒಂದು ಬದಿಗೆ ಹಗ್ಗ ಕಟ್ಟಿ ಹಿಡಿಯುತ್ತಾರೆ. ಆ ಹಗ್ಗ ಯಾವಾಗಲೂ ಮೇಸ್ತ್ರಿಯ ಕೈಯಲ್ಲೇ. ಶೆಡ್ಡಿನ ಕಬ್ಬಿಣದ ಕಂಬಕ್ಕೆ ಬೆನ್ನು ಕೊಟ್ಟು, ಕಾಲೂರಿ ನಿಂತು ಹಿಡಿಯುವುದು ಅವನ ರೂಢಿ. ಕಂಬಕ್ಕೂ ಯಂತ್ರಕ್ಕೂ ನಡುವೆ ಒಬ್ಬ ಆರಾಮಾಗಿ ನಿಲ್ಲುವಷ್ಟು ಸಂದಿ.

ಡಬ್ಬಿ ಒರೆಸಿಟ್ಟು ಬಂದು ಫೈಲ್ ತೆರೆದೆ. ಯಂತ್ರದ ಎಲ್ಲ ಭಾಗಗಳೂ ಜೋಡಣೆಯಾಗಿರುವ ಅಸೆಂಬ್ಲಿ ಫೈಲು ಅದು. ನನಗಿಂತ ಮುಂಚೆ ಅದೇ ಕುರ್ಚಿಯಲ್ಲಿ ಕೂತಿದ್ದ ಇನ್ನೊಬ್ಬ ಹಸಿರು ಪಟ್ಟಿಯವನು ಮಾಡಿದ್ದು. ಅವನು ಬಿಟ್ಟು ಹೋಗಿದ್ದ. ತೂಕ ತೋರಿಸುವ ಕಿಟಕಿ ತೆರೆದರೆ ಒಂದು ಅಂಕಿ ಬಂತು. ಆ ಕಿಟಕಿಯ ಮೂಲೆಯಲ್ಲಿ, ಹೈಡ್ ಮಾಡಿದ ಭಾಗಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅಂತ ಕೇಳುವ ಒಂದು ಚೌಕ ಇರುತ್ತದೆ. ಅದರ ಟಿಕ್ ತೆಗೆದೆ. ತೂಕ ಧೊಪ್ಪನೆ ಇಳಿಯಿತು. ತೂಕದ ನಡುವಿನ ಜಾಗ ಒಂದು ಮೊಳದಷ್ಟು ಸರಿದು ಕೂತಿತು.

ಒಂದು ಮೊಳ! ಟಿಕ್ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಪ್ರತಿಸಲವೂ ಅದೇ ಮೊಳ.

ಇಲ್ಲಿ ಒಂದು ಮಾತು ವಿವರಿಸಬೇಕು. ಹೈಡ್ ಅಂದರೆ ಭಾಗವನ್ನು ಕಣ್ಣಿಗೆ ಕಾಣದ ಹಾಗೆ ಮಾಡುವುದು. ಅದು ಅಲ್ಲೇ ಇರುತ್ತದೆ, ತೂಕವನ್ನೂ ಇಟ್ಟುಕೊಂಡಿರುತ್ತದೆ. ಸಪ್ರೆಸ್ ಅಂದರೆ ಅದನ್ನು ಮಲಗಿಸಿಬಿಡುವುದು. ಆಗ ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಡಿಲೀಟ್ ಅಂತೂ ಎಲ್ಲರಿಗೂ ಗೊತ್ತು. ಒಳಗಿನ ಕೆಲಸ ಕಾಣಲಿ ಅಂತ ಬಾಗಿಲನ್ನೋ ಚಾವಣಿಯನ್ನೋ ಹೈಡ್ ಮಾಡಿಕೊಳ್ಳುವುದು ಎಲ್ಲ ಡಿಸೈನರ್‌ಗಳ ಅಭ್ಯಾಸ. ಆದರೆ ಈ ಕಾರ್ಖಾನೆಯಲ್ಲಿ ಇನ್ನೊಂದು ಸಂಪ್ರದಾಯ ಬೆಳೆದಿತ್ತು: ಬೇಡವಾದ ಭಾಗವನ್ನೂ ಡಿಲೀಟ್ ಮಾಡುವ ಹಾಗಿಲ್ಲ. ಬಂದ ಮೊದಲ ದಿನವೇ ಮ್ಯಾನೇಜರ್ ನನಗೆ ಹೇಳಿದ್ದರು: "ಡಿಲೀಟ್ ಮಾತ್ರ ಮಾಡ್ಬೇಡಿ ಮೇಡಂ. ಇವತ್ತು ಬೇಡ ಅಂದ ಕಸ್ಟಮರ್ ನಾಳೆ ಅದೇ ಬೇಕು ಅಂತಾನೆ. ಹೈಡ್ ಮಾಡಿ ಇಟ್ಬಿಡಿ, ಅನ್ನ ಕೇಳುತ್ತಾ ಅದು?"

ಹೀಗಾಗಿ ಆ ಫೈಲಿನಲ್ಲಿ ಹೈಡ್ ಆಗಿದ್ದ ಭಾಗಗಳಲ್ಲಿ ಎರಡು ಜಾತಿ. ಯಂತ್ರದಲ್ಲಿ ನಿಜವಾಗಿ ಇರುವಂಥವು, ಕೆಲಸದ ಅನುಕೂಲಕ್ಕೆ ಮರೆಮಾಡಿದವು. ಎಂದೋ ಕೈಬಿಟ್ಟಂಥವು, ಡಿಲೀಟ್ ಮಾಡಲು ಹೆದರಿ ಮರೆಮಾಡಿದವು. ಟಿಕ್ ಹಾಕಿದರೆ ಸತ್ತವೂ ತೂಗುತ್ತವೆ, ತೆಗೆದರೆ ಬದುಕಿರುವವೂ ಮಾಯ. ಎರಡು ಅಂಕಿಯೂ ಸುಳ್ಳು.

ಮ್ಯಾನೇಜರ್‌ಗೆ ಫೋನ್ ಮಾಡಿ ಹೇಳಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಪೈಕಿ ಅವರು. ಒಂದು ಕ್ಷಣ ಯೋಚಿಸಿ, "ಎರಡರ ಮಧ್ಯ ಹಾಕ್ಬಿಡಿ ಮೇಡಂ" ಅಂದರು.

"ಸರ್, ಮಧ್ಯ ಹಾಕೋಕೆ ಇದೇನು ತರಕಾರಿ ಚೌಕಾಸಿನಾ?"

"ಅಯ್ಯೋ, ಇಷ್ಟು ವರ್ಷ ಎತ್ತಿಲ್ವೇನ್ರೀ ನಾವು? ಮೇಸ್ತ್ರಿ ಇದಾನಲ್ಲ, ಹಗ್ಗ ಗಟ್ಟಿಯಾಗಿ ಹಿಡ್ಕೊತಾನೆ. ಲಾರಿ ಬುಕ್ ಆಗಿದೆ. ನಾಡಿದ್ದು ಎತ್ತಲೇಬೇಕು."

ಫೋನ್ ಇಟ್ಟೆ. ಕಿಟಕಿಯಿಂದ ಕೆಳಗೆ ನೋಡಿದರೆ ಮೇಸ್ತ್ರಿ ಕೆಂಪು ಬಣ್ಣದ ಡಬ್ಬಿಯನ್ನು ಅಲ್ಲಾಡಿಸುತ್ತ ನಿಂತಿದ್ದ. ಅವನಿಗೆ ತನ್ನ ಮೇಲೆ ವಿಪರೀತ ಭರವಸೆ. ಅದಕ್ಕಿಂತ ಹೆಚ್ಚಾಗಿ ಡ್ರಾಯಿಂಗಿನ ಮೇಲೆ. "ಅಕ್ಕಾರು ಹಾಕಿದ ಗುರುತು ಅಂದ್ರ ಗುರುತ್ರೀ, ನಾ ಕಣ್ಣು ಮುಚ್ಚಿ ಎತ್ತತೀನಿ" ಅಂತ ಎಲ್ಲರ ಮುಂದೆ ಹೇಳುತ್ತಿದ್ದ. ಅವನು ಕಣ್ಣು ತೆರೆದುಕೊಂಡೇ ಎತ್ತಲಿ ಅಂತ ಬೇಡಿಕೊಳ್ಳುವ ಸ್ಥಿತಿ ನನ್ನದು. ಸುಳ್ಳು ಗುರುತಿಗೆ ಕೊಕ್ಕೆ ತಂದು ಎತ್ತಿದರೆ ನೆಲ ಬಿಟ್ಟೊಡನೆ ಯಂತ್ರ ಒಂದು ಕಡೆಗೆ ನುಗ್ಗುತ್ತದೆ. ಅಷ್ಟು ಟನ್ ಕಬ್ಬಿಣವನ್ನು ಯಾವ ಹಗ್ಗವೂ, ಯಾವ ಮೇಸ್ತ್ರಿಯೂ ಹಿಡಿದು ನಿಲ್ಲಿಸಲಾರ. "ನಾಳೆ ಸಂಜೆವರೆಗೆ ಬಣ್ಣ ಮುಟ್ಟಬ್ಯಾಡ್ರಿ" ಅಂತ ಕೂಗಿ ಹೇಳಿದೆ. ಅವನು ಡಬ್ಬಿ ಕೆಳಗಿಟ್ಟ.

ಕೆಲಸ ಶುರು ಮಾಡಿದೆ. ಮೊದಲು ಹೈಡ್ ಆದದ್ದನ್ನೆಲ್ಲ ಪರದೆ ಮೇಲೆ ಕರೆದೆ. ಅಬ್ಬಾ, ಆ ನೋಟ! ಬ್ಲೋವರ್ ಒಂದಿರಬೇಕಾದಲ್ಲಿ ಮೂರು: ಚಾವಣಿ ಮೇಲೊಂದು, ಪಕ್ಕಕ್ಕೊಂದು, ಹಿಂದೊಂದು. ಹಳೇ ಬಾಗಿಲೊಳಗೆ ಹೊಸ ಬಾಗಿಲು ತೂರಿಕೊಂಡಿತ್ತು. ಮದುವೆ ಮನೆಯಲ್ಲಿ ಒಂದೇ ಕೋಣೆಗೆ ಎಲ್ಲ ನೆಂಟರನ್ನೂ ತುಂಬಿದ ಹಾಗಿತ್ತು ಯಂತ್ರ. ಒಂದೊಂದನ್ನೇ ಆರಿಸಿ ಬೇರೆ ಮಾಡಿ ನೋಡುವುದು, ಟಾರ್ಚ್ ಹಿಡಿದು ಕೆಳಗಿಳಿಯುವುದು, ನಿಜವಾದ ಯಂತ್ರದಲ್ಲಿ ಅದು ಇದೆಯೋ ಇಲ್ಲವೋ ಅಂತ ಬಗ್ಗಿ, ಮುಟ್ಟಿ, ಕೆಲವು ಕಡೆ ತೂರಿ ನೋಡುವುದು, ಮೇಲೆ ಬಂದು ಬಣ್ಣ ಕೊಡುವುದು. ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು, ಗೊತ್ತಾಗದಿದ್ದರೆ ಹಳದಿ. ಶೆಡ್ಡಿನವರೆಲ್ಲ ನನ್ನ ಪಕ್ಕದಲ್ಲೇ ಓಡಾಡಿದರು. ಯಂತ್ರದ ಕೆಳಗಿನಿಂದ ಒಂದು ಹೆಂಗಸಿನ ಕಾಲು ಹೊರಗೆ ಚಾಚಿಕೊಂಡಿದ್ದರೂ ಯಾಕೆ ಅಂತ ಕೇಳಿದವರಿಲ್ಲ. ಕೇಳಲಿ ಅಂತ ನಾನು ಎರಡು ಸಲ ಬೇಕೆಂದೇ ಜೋರಾಗಿ ಕೆಮ್ಮಿದೆ.

ಕೆಂಪಿನವನ್ನು ಡಿಲೀಟ್ ಮಾಡದೆ ಸಪ್ರೆಸ್ ಮಾಡತೊಡಗಿದೆ. ಮನೆ ದೇವರ ಹರಕೆಯ ಹಾಗೆ ಆ ಸಂಪ್ರದಾಯವನ್ನು ನಾನೂ ಉಳಿಸಿದೆ ಅನ್ನಿ. ಚಾವಣಿ ಮೇಲಿನ ಹಳೇ ಬ್ಲೋವರನ್ನು ಮಲಗಿಸಿದ್ದೇ ತಡ, ಫೈಲಿನ ತುಂಬ ದೋಷದ ಗುರುತುಗಳು ಎದ್ದು ಕುಣಿದವು. ಚಾವಣಿ ತನ್ನ ಜಾಗ ಬಿಟ್ಟು ತೇಲಿತು. ಬ್ರಾಕೆಟ್ಟುಗಳು ದಿಕ್ಕಾಪಾಲಾದವು. ಹಿಂದಿನವನು ಆ ಬ್ಲೋವರನ್ನೇ ಆಧಾರವಾಗಿಟ್ಟು ಚಾವಣಿ ಕೂರಿಸಿದ್ದ, ಚಾವಣಿಯನ್ನು ಹಿಡಿದು ಉಳಿದದ್ದನ್ನು. ಯಂತ್ರದಲ್ಲೇ ಇಲ್ಲದ ಒಂದು ಭಾಗ ಫೈಲಿನಲ್ಲಿ ಅರ್ಧ ಯಂತ್ರವನ್ನು ಹೊತ್ತು ನಿಂತಿತ್ತು. ಅದನ್ನು ಮತ್ತೆ ಎಬ್ಬಿಸಿ, ಚಾವಣಿಯ ಪ್ರತಿಯೊಂದು ಹಿಡಿತವನ್ನೂ ಅದರಿಂದ ಬಿಡಿಸಿ, ಕೆಳಗಿನ ಚೌಕಟ್ಟಿಗೆ ಕಟ್ಟಿದೆ. ನಂತರ ಮಲಗಿಸಿದೆ. ಈ ಸಲ ಏನೂ ಅಲುಗಲಿಲ್ಲ. ಯಾರಿಗಾದರೂ ತೋರಿಸೋಣ ಅನ್ನಿಸಿ ಕುರ್ಚಿ ತಿರುಗಿಸಿದೆ. ಖಾಲಿ ಮೇಜುಗಳು. ಮತ್ತೆ ತಿರುಗಿಸಿಕೊಂಡು ಕೂತೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಹಳದಿ ಒಂದೇ ಉಳಿಯಿತು. ಹೆಸರಿಲ್ಲ, ಪ್ರೋಗ್ರಾಂ ತಾನಾಗಿ ಕೊಡುವ 'ಪಾರ್ಟ್' ಅನ್ನುವ ಪದವೂ ಒಂದು ಅಂಕಿಯೂ, ಅಷ್ಟೇ. ತಳದ ಚೌಕಟ್ಟಿನ ಒಳಗೆ ಕೂತ ಇಟ್ಟಿಗೆಯಾಕಾರದ ಗಟ್ಟಿ ಉಕ್ಕಿನ ದಿಮ್ಮಿ. ಡ್ರಾಯಿಂಗ್ ಇಲ್ಲ. ಸ್ಟೋರ್ಸ್‌ನಲ್ಲಿ ಕೇಳಿದರೆ ಅಂಥದ್ದೇನೂ ಕೊಟ್ಟಿಲ್ಲ ಅಂದರು. ಚೌಕಟ್ಟನ್ನು ಸುತ್ತಲೂ ಮುಚ್ಚಿ ವೆಲ್ಡ್ ಮಾಡಿಬಿಟ್ಟಿದ್ದರಿಂದ ಒಳಗೆ ಇಣುಕುವ ಹಾಗೂ ಇಲ್ಲ. ತೂಕ ನೋಡಿದರೆ ಎಮ್ಮೆಯಷ್ಟು. ಬಿಸಿ ತುಪ್ಪದ ಹಾಗೆ, ನುಂಗೋಕೂ ಆಗದು, ಉಗುಳೋಕೂ ಆಗದು. ಹಿಂದಿನವನ ನಂಬರಿಗೆ ಬೆಳಿಗ್ಗೆಯಿಂದ ಫೋನ್ ಮಾಡುತ್ತಲೇ ಇದ್ದೆ. ಎತ್ತಲಿಲ್ಲ. ಕೊನೆಗೆ ಆ ದಿಮ್ಮಿಯ ಚಿತ್ರ ತೆಗೆದು ಕಳಿಸಿ, "ಇದು ಯಂತ್ರದಲ್ಲಿ ಇದೆಯಾ? ಮನುಷ್ಯರು ಪಕ್ಕದಲ್ಲಿ ನಿಂತು ಎತ್ತುತ್ತಾರೆ, ಅದಕ್ಕೆ ಕೇಳ್ತಿದೀನಿ" ಅಂತ ಬರೆದೆ.

ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಊಟಕ್ಕೆ ಕೂತಿದ್ದಾಗ ಅವನೇ ಫೋನ್ ಮಾಡಿದ.

"ಮೇಡಂ, ಅದು ಇಲ್ಲ" ಅಂದ. "ಆದ್ರೆ ಅದರ ತೂಕ ಇದೆ."

"ಏನಪ್ಪಾ ಒಗಟು ಹೇಳ್ತೀಯಾ?"

"ಒಗಟಲ್ಲ ಮೇಡಂ. ನೀರಿನ ಪೈಪು, ವಾಲ್ವು, ಕೇಬಲ್ಲು ಇವ್ಯಾವನ್ನೂ ಮಾಡೆಲ್ ಮಾಡೋಕೆ ಟೈಮ್ ಕೊಡ್ಲಿಲ್ಲ ಅವರು. ಶೆಡ್ಡಲ್ಲೇ ನೋಡ್ಕೊಂಡು ಹಾಕ್ಕೊತಾರೆ, ಬಿಡು ಅಂದ್ರು. ತೂಕ ಕಮ್ಮಿ ಬರುತ್ತಲ್ಲ, ಅದಕ್ಕೆ ಎಲ್ಲ ಸೇರಿಸಿ ಅಂದಾಜು ಮಾಡಿ ಒಂದು ದಿಮ್ಮಿ ಇಟ್ಟೆ. ಕಣ್ಣಿಗೆ ಅಸಹ್ಯವಾಗಿತ್ತು, ಹೈಡ್ ಮಾಡಿದೆ."

"ತಳದ ನಡುವೆ ಯಾಕಿಟ್ಟೆ? ಪೈಪೆಲ್ಲ ಪಂಪಿನ ಕಡೆಗಲ್ವಾ ಇರೋದು?"

"ಆಗಿನ್ನೂ ಪೈಪ್ ಎಲ್ಲಿ ಬರುತ್ತೆ ಅಂತ ಗೊತ್ತಿರ್ಲಿಲ್ಲ ಮೇಡಂ. ಗೊತ್ತಾದ್ಮೇಲೆ ಸರಿಸೋಣ ಅಂತಿದ್ದೆ. ಅಷ್ಟರಲ್ಲಿ ನನ್ನ ಕಾಂಟ್ರಾಕ್ಟ್ ಮುಗೀತು. ಬಿಟ್ಟು ಹೋಗೋ ದಿನ ಯಾರಾದ್ರೂ ಫೈಲ್ ಬಗ್ಗೆ ಕೇಳ್ತಾರೆ, ಹೇಳಿ ಹೋಗೋಣ ಅಂತ ಸಂಜೆವರೆಗೂ ಕೂತಿದ್ದೆ. ಐಡಿ ಕಾರ್ಡ್ ಮಾತ್ರ ಇಸ್ಕೊಂಡ್ರು."

ಅವನು ಮಾತು ನಿಲ್ಲಿಸಲಿಲ್ಲ. ಫೈಲಿನ ಒಂದೊಂದು ಮೂಲೆಯನ್ನೂ ನೆನಪಿಟ್ಟುಕೊಂಡಿದ್ದ. ಯಾವ ಬಾಗಿಲನ್ನು ಯಾರು ಬದಲಾಯಿಸಲು ಹೇಳಿದರು, ಯಾವ ಬ್ರಾಕೆಟ್ಟಿಗಾಗಿ ಯಾರ ಜೊತೆ ಜಗಳವಾಯಿತು, ಎಲ್ಲ ಹೇಳಿದ. ಈಗ ಪೀಣ್ಯದಲ್ಲಿ ಇನ್ನೊಂದು ಕಾರ್ಖಾನೆ, ಅಲ್ಲೂ ಹಸಿರಿನಂಥದ್ದೇ ಯಾವುದೋ ಪಟ್ಟಿಯಂತೆ. ನನ್ನ ತಟ್ಟೆಯ ಅನ್ನ ಆರಿಹೋಯಿತು. ಪರವಾಗಿಲ್ಲ ಅನ್ನಿಸಿತು. ನಾನೂ ಅವನಿಗೆ ಸರಿಸಮ ಮಾತಾಡಿದೆ. ಆ ಕಾರ್ಖಾನೆಗೆ ಬಂದಮೇಲೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು.

ಮೇಲೆ ಬಂದು ಆ ದಿಮ್ಮಿಯನ್ನು ಎರಡು ಮಾಡಿದೆ. ದೊಡ್ಡ ತುಂಡನ್ನು ಪಂಪಿನ ಕಡೆಗೆ, ಪೈಪುಗಳು ಓಡುವ ಎತ್ತರಕ್ಕೆ ಇಟ್ಟೆ. ಚಿಕ್ಕದನ್ನು ಕರೆಂಟಿನ ಪೆಟ್ಟಿಗೆಯ ಹಿಂದೆ. ಎರಡಕ್ಕೂ 'ಪೈಪಿನ ತೂಕ, ಅಂದಾಜು', 'ಕೇಬಲ್ ತೂಕ, ಅಂದಾಜು' ಅಂತ ಹೆಸರಿಟ್ಟೆ, ಹೈಡ್ ಮಾಡಲಿಲ್ಲ. ಈಗ ಬಂದ ಜಾಗ ಮೊದಲಿನ ಎರಡೂ ಉತ್ತರಗಳಿಗಿಂತ ಆಚೆ, ಪಂಪಿನ ದಿಕ್ಕಿಗಿತ್ತು. ಮ್ಯಾನೇಜರ್ ಹೇಳಿದ 'ಮಧ್ಯ' ಅಲ್ಲೆಲ್ಲೂ ಹತ್ತಿರದಲ್ಲಿರಲಿಲ್ಲ.

ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಇಷ್ಟೆಲ್ಲ ಆದಮೇಲೂ ಆ ಎರಡು ತುಂಡಿನ ತೂಕ ಯಾರೂ ತೂಗಿ ಹೇಳಿದ್ದಲ್ಲ. ಒಬ್ಬ ಊಹಿಸಿದ್ದ, ಇನ್ನೊಬ್ಬಳು ಅದನ್ನು ಸರಿಸಿದ್ದಳು. ಇದನ್ನು ಡ್ರಾಯಿಂಗಿನಲ್ಲಿ ಗುರುತಾಗಿ ಕೊಟ್ಟರೆ ಮೇಸ್ತ್ರಿಗೆ ಅದೇ ದೇವರ ವಾಕ್ಯ. ಕಂಬಕ್ಕೆ ಬೆನ್ನು ಕೊಟ್ಟು ನಿಂತೇ ನಿಲ್ಲುತ್ತಾನೆ. ತುಂಬ ಹೊತ್ತು ಮೀನ ಮೇಷ ಎಣಿಸಿದೆ. ಕೊನೆಗೆ ಡ್ರಾಯಿಂಗಿನ ಆ ಜಾಗದಲ್ಲಿ, ಮೊದಲು ನೆಲದಿಂದ ಒಂದು ಗೇಣು ಮಾತ್ರ ಎತ್ತಿ ನೋಡಬೇಕು, ಆಗ ಹತ್ತಿರ ಯಾರೂ ನಿಲ್ಲಬಾರದು, ಹಗ್ಗ ಉದ್ದ ಬಿಟ್ಟು ದೂರದಿಂದ ಹಿಡಿಯಬೇಕು ಅಂತ ಬರೆದೆ. ಅದಾಗದೆ ಇದಕ್ಕೆ ಸಹಿ ಹಾಕುವುದಿಲ್ಲ ಅಂತ ಮ್ಯಾನೇಜರ್‌ಗೆ ಮೇಲ್ ಮಾಡಿದೆ.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಹೊಸ ಕಟ್ಟಡದಿಂದ ನಡೆದು ಬಂದರು. ನನ್ನ ಮೇಜಿನ ತನಕ ಅವರು ಬಂದದ್ದು ಅದೇ ಮೊದಲ ಸಲ.

"ಏನ್ ಮೇಡಂ ಇದು? ಲಾರಿ ಗೇಟಲ್ಲಿ ನಿಂತಿದೆ. ಯಂತ್ರಾನ ಎತ್ತಿ ಇಳಿಸಿ, ಮತ್ತೆ ಎತ್ತಿ... ಕಸ್ಟಮರ್ ನೋಡಿದ್ರೆ ಏನಂದ್ಕೊತಾನೆ? ನಿಮ್ಮ ಲೆಕ್ಕದ ಮೇಲೆ ನಿಮಗೇ ನಂಬಿಕೆ ಇಲ್ವಾ?"

"ಇಲ್ಲ ಸರ್."

ಅವರು ಆ ಉತ್ತರ ನಿರೀಕ್ಷಿಸಿರಲಿಲ್ಲ. "ನಿಮ್ಮ ಕಂಪನಿಗೆ ಬೇರೆಯವರನ್ನ ಕಳಿಸಿ ಅಂತ ಹೇಳಬೇಕಾಗುತ್ತೆ" ಅಂದರು.

"ಹೇಳಿ ಸರ್. ಬರೋರಿಗೆ ಈ ಫೈಲ್ ಅರ್ಥ ಆಗೋ ಹೊತ್ತಿಗೆ ಲಾರಿಯವನು ಊರಿಗೆ ಹೋಗಿರ್ತಾನೆ." ನನ್ನ ಬಾಯಿಯೇ ಹಾಗೆ. ಅವರು ನನ್ನನ್ನೂ ಪರದೆಯನ್ನೂ ಒಮ್ಮೆ ನೋಡಿ, "ಒಂದೇ ಸಲ. ಒಂದು ಗೇಣು. ಆಮೇಲೆ ನಿಮ್ಮ ಜವಾಬ್ದಾರಿ" ಅಂತ ಹೇಳಿ ಇಳಿದು ಹೋದರು.

ಕೆಳಗೆ ಮೇಸ್ತ್ರಿಯನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು. ದೂರ ನಿಲ್ಲು ಅಂದದ್ದು ಅವನಿಗೆ ಅವಮಾನ ಅನ್ನಿಸಿತ್ತು.

"ನಾ ಏನ್ ಹೊಸಬನೇನ್ರೀ? ಎಂಥೆಂಥಾ ಮಷೀನ್ ಎತ್ತೇನಿ. ಕಂಬದ ಕಡಿ ನಿಂತ್ರನ ನನಗ ಕೈ ಬರ್ತೈತಿ."

"ಕೈ ಬರೋದು ಬ್ಯಾಡ್ರಿ, ಈ ಒಂದ್ ಸಲ ನನ್ನ ಮಾತು ಕೇಳ್ರಿ. ಗುರುತು ಹಾಕಿದಾಕಿ ನಾನ. ನನಗ ಖಾತ್ರಿ ಇಲ್ಲ."

ಅವನು ನನ್ನ ಮುಖ ನೋಡಿದ. ತಲೆ ಕೆರೆದುಕೊಂಡ. ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಿ, ಗೊಣಗುತ್ತಲೇ ಬಾಗಿಲ ಕಡೆಗೆ ಹೋಗಿ ನಿಂತ.

ಕ್ರೇನ್ ಮೊರೆಯಿತು. ಸರಪಳಿಗಳು ಬಿಗಿದವು. ಪಂಪಿಗೆ ಎದುರಿನ, ಕಂಬದ ಕಡೆಯ ಬದಿ ಮೊದಲು ನೆಲ ಬಿಟ್ಟಿತು. ಪಂಪಿನ ಬದಿ ಇನ್ನೂ ಕೂತೇ ಇತ್ತು. ಅಂದರೆ ಪೈಪುಗಳು ನಾವಿಬ್ಬರೂ ಊಹಿಸಿದ್ದಕ್ಕಿಂತ ಭಾರ. ನಾನು ಕೈ ಎತ್ತುವಷ್ಟರಲ್ಲಿ ಆ ಬದಿಯೂ ನೆಲ ಬಿಟ್ಟಿತು. ಭಾರ ಕೊಕ್ಕೆಯ ನೇರ ಕೆಳಗೆ ಬರಲು ಹೋಗಿ, ಇಡೀ ಯಂತ್ರ ಒಂದು ಶಬ್ದವೂ ಇಲ್ಲದೆ ಕಂಬದ ಕಡೆಗೆ ಸರಿಯಿತು. ಸಂದಿ ಅರ್ಧಕ್ಕಿಂತ ಹೆಚ್ಚು ಮುಚ್ಚಿ, ಹಿಂದಕ್ಕೆ ತೂಗಿ, ಮತ್ತೆ ಮುಂದಕ್ಕೆ ಬಂದು, ನಿಂತಿತು. ಮ್ಯಾನೇಜರ್ ಹೇಳಿದ ಮಧ್ಯದ ಗುರುತಿಗೆ ಎತ್ತಿದ್ದರೆ ಸಂದಿಯೇ ಉಳಿಯುತ್ತಿರಲಿಲ್ಲ. ಮೇಸ್ತ್ರಿ ಹಗ್ಗ ಹಿಡಿದುಕೊಂಡೇ ಕಂಬವನ್ನು ನೋಡುತ್ತಿದ್ದ.

ಇಳಿಸಿ, ಕೊಕ್ಕೆಯನ್ನು ಪಂಪಿನ ಕಡೆಗೆ ಇನ್ನಷ್ಟು ಸರಿಸಿ, ಆ ಬದಿಯ ಸರಪಳಿಯನ್ನು ಗಿಡ್ಡ ಮಾಡಿ ಎತ್ತಿದರು. ಈ ಸಲ ನಾಲ್ಕು ಮೂಲೆಯೂ ಒಟ್ಟಿಗೆ ನೆಲ ಬಿಟ್ಟವು. ಯಂತ್ರ ತಕ್ಕಡಿಯ ತಟ್ಟೆಯ ಹಾಗೆ ಸಮನಾಗಿ ಮೇಲೇರಿ ಲಾರಿಯ ಮೇಲೆ ಕೂತಿತು. ಮ್ಯಾನೇಜರ್ ಲಾರಿಯವನ ಕಾಗದಕ್ಕೆ ಸಹಿ ಹಾಕಿ, ಯಾರನ್ನೂ ನೋಡದೆ ಹೋದರು.

ಮೇಸ್ತ್ರಿ ಹಗ್ಗ ಸುತ್ತುತ್ತ ನನ್ನ ಹತ್ತಿರ ಬಂದ. ಯಾವಾಗಲೂ ಏನಾದರೊಂದು ತಮಾಷೆ ಮಾಡುವವನು, ಆವತ್ತು ಮಾಡಲಿಲ್ಲ. "ಅಕ್ಕಾರ, ಇಷ್ಟ್ ವರ್ಷದಾಗ ಎಲ್ಲಾರೂ ನಮಗ ಗಟ್ಟಿ ಹಿಡಕೊಳ್ರಿ ಅಂತನ ಹೇಳ್ಯಾರ" ಅಂದ. "ದೂರ ನಿಲ್ರಿ ಅಂದವರು ನೀವ ಮೊದಲ." ಹೇಳಿ ಹಗ್ಗವನ್ನು ಹೆಗಲಿಗೇರಿಸಿಕೊಂಡು ಹೊರಟುಹೋದ.

ಮಹಡಿ ಹತ್ತಿ ಬಂದು ಕೂತೆ. ಯಾರಿಗಾದರೂ ಹೇಳಲೇಬೇಕು ಅನ್ನಿಸಿತು, ಆದರೆ ಈ ಮಾತು ಅರ್ಥವಾಗುವವನು ಪೀಣ್ಯದಲ್ಲಿದ್ದ. ನಂಬರ್ ಒತ್ತಿದೆ. ಹಿಂದಿನ ದಿನ ಅಷ್ಟು ಸಲ ಕರೆದರೂ ಎತ್ತದವನು ಮೊದಲನೇ ರಿಂಗಿಗೇ ಎತ್ತಿದ. ಹಲೋ ಕೂಡ ಅನ್ನಲಿಲ್ಲ.

"ಯಾರಿಗೂ ಏನೂ ಆಗ್ಲಿಲ್ಲ ತಾನೇ ಮೇಡಂ?"

"ಇಲ್ಲ ಕಣಪ್ಪಾ" ಅಂದೆ. "ಅಲ್ಲಿ ಯಾರೂ ನಿಂತಿರ್ಲಿಲ್ಲ."